ಊರು ಬಿಟ್ಟ ಮನೆ, ನೆಲ ಬದಲಾದ ಹಿತ್ತಲು

ವರ್ಗಾವಣೆ, ವ್ಯಾಪಾರ, ಮಕ್ಕಳ ವಿದ್ಯಾಭ್ಯಾಸ, ವಿವಾಹ ಮುಂತಾದ ಕಾರಣಗಳಿಂದ ನಮ್ಮ ಸಮಾಜದ ಎಷ್ಟೋ ಮನೆತನಗಳು ತಲೆಮಾರುಗಳ ಕಾಲ ನೆಲೆನಿಂತ ಊರನ್ನು ಬಿಟ್ಟು ಬೇರೆಡೆಗೆ ಹೋಗಿ ಸಂಸಾರ ಹೂಡಿವೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಧಾರವಾಡದ ಕಡೆಯವರು ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ಉದ್ಯೋಗ ನಿಮಿತ್ತ ಮಂಗಳೂರು, ಉಡುಪಿಗಳಿಗೆ ಹೋದವರಿದ್ದಾರೆ. ದೆಹಲಿಯಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಹೀಗೆ ಹೊರಟವರ ಗಂಟುಮೂಟೆಯೊಳಗೆ ಪಾತ್ರೆ ಪದಾರ್ಥಗಳ ಜೊತೆಗೆ ಹಿತ್ತಲಿನ ಒಂದೆರಡು ಕಡ್ಡಿಗಳೂ, ಕಾಗದದಲ್ಲಿ ಕಟ್ಟಿದ ಹಿಡಿಯಷ್ಟು ಬೀಜವೂ ಇರುವುದು ವಾಡಿಕೆ. ದಾಸವಾಳದ ಟೊಂಗೆ, ಮಲ್ಲಿಗೆಯ ಬೇರು, ಪುಂಡಿಪಲ್ಲೆಯ ಬೀಜ, ಮನೆಯ ಮುಳಗಾಯಿಯ ಬೀಜ ಇವು ಹೋದ ಊರಿನಲ್ಲಿ ಮೊಳೆತರೆ ಮನೆಯೇ ಬೇರು ಬಿಟ್ಟಷ್ಟು ಸಮಾಧಾನ. ಬಾಡಿದರೆ ಆಗುವ ವ್ಯಥೆಯನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ.

ಈ ವ್ಯಥೆಯ ಭಾರವು ಹೆಚ್ಚಾಗಿ ಇಬ್ಬರ ಮೇಲೆ ಬೀಳುವುದನ್ನು ನಾವು ಕಂಡಿದ್ದೇವೆ. ಮಗನ ಮನೆಗೆಂದು ನಗರಕ್ಕೆ ಬಂದ ವೃದ್ಧ ತಾಯಿ ಒಬ್ಬರು. ದೂರದ ಸೀಮೆಗೆ ಮದುವೆಯಾಗಿ ಹೋದ ಹೆಣ್ಣುಮಗಳು ಇನ್ನೊಬ್ಬರು. ಐವತ್ತು ವರ್ಷ ಹಿತ್ತಲನ್ನು ನಂದನವಾಗಿಸಿದ ಹಿರಿಯಳು ನೆಟ್ಟ ಮೂರು ಸಸಿಗಳು ಸಾಲಾಗಿ ಸತ್ತರೆ ತನ್ನ ಕೈಗುಣವೇ ಹೋಯಿತೆಂದು ಮೂಲೆ ಹಿಡಿದು ಕೂರುತ್ತಾಳೆ. ಸೊಸೆ ಹಾಕಿದ ಬಳ್ಳಿ ಕೊಳೆತರೆ ಅವಳ ಕೈಗುಣವೇ ಸರಿಯಿಲ್ಲವೆಂದು ಬೇರೆಯವರು ಆಡಿಕೊಳ್ಳುತ್ತಾರೆ. ಎರಡೂ ಅನ್ಯಾಯವೇ. ಕೈ ಅದೇ ಇದೆ. ಅದರ ಅಡಿಯ ಮಣ್ಣು, ಮೇಲಿನ ಮಳೆ, ರಾತ್ರಿಯ ಉದ್ದ ಇವು ಬದಲಾಗಿವೆ. ಯಾವುದು ಎಷ್ಟು ಬದಲಾಗಿದೆಯೆಂದು ತಿಳಿದುಕೊಂಡ ಮನೆಗಳಲ್ಲಿ ಒಂದೆರಡು ವರ್ಷಗಳೊಳಗೆ ಹಿತ್ತಲು ಮತ್ತೆ ಹಸಿರಾಗಿರುವುದನ್ನೂ ನಾವು ನೋಡಿದ್ದೇವೆ. ಆ ತಿಳಿವಳಿಕೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪತ್ರೆಯ ಮರ

ಮೊದಲು ಬಿಲ್ವದ ವಿಚಾರವನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವ ಚಿಂತೆ ಅದೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೂಗಾರ ಮನೆತನದವರು ಬೆಳಗಿನಲ್ಲಿ ಮನೆಮನೆಗೆ ಪತ್ರೆ ಪುಷ್ಪಗಳನ್ನು ತಂದುಕೊಡುವ ಪದ್ಧತಿಯಿತ್ತು. ಹಲವೆಡೆ ಈಗಲೂ ಇದೆ. ನಗರಕ್ಕೆ ಬಂದ ಮೇಲೆ ಆ ಅನುಕೂಲ ತಪ್ಪಿತು. ಪೇಟೆಯಲ್ಲಿ ಕೊಳ್ಳುವ ಪತ್ರೆ ಎಷ್ಟು ದಿನದ್ದೋ ಹೇಳಲಾಗದು. ಆದಕಾರಣ ಇಷ್ಟಲಿಂಗ ಪೂಜೆಗೆ ಮನೆಯಲ್ಲಿಯೇ ಒಂದು ಬಿಲ್ವ ಇರಲೆಂಬ ಬಯಕೆ ಸಹಜವಾದುದು.

ಸಂತೋಷದ ಸಂಗತಿಯೆಂದರೆ, ಊರು ಬದಲಿಸುವವರಿಗೆ ಬಿಲ್ವದಷ್ಟು ಸಹನಶೀಲವಾದ ಮರ ಮತ್ತೊಂದು ದೊರೆಯುವುದು ಕಷ್ಟ. ಕಪ್ಪು ಎರೆಮಣ್ಣಿನಲ್ಲಿಯೂ, ಕಲ್ಲುಮಿಶ್ರಿತ ಗರಸಿನಲ್ಲಿಯೂ, ಬೇರೆ ಹಣ್ಣಿನ ಗಿಡಗಳು ಬದುಕದ ಸವಳು ನೆಲದಲ್ಲಿಯೂ ಅದು ಬೆಳೆಯುತ್ತದೆ. ಪಂಜಾಬದ ಕಡೆ ಬೇಸಗೆಯಲ್ಲಿ 48 ಡಿಗ್ರಿ ಸೆಲ್ಸಿಯಸ್ ಸಮೀಪದ ಬಿಸಿಯನ್ನೂ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿಳಿಯುವ ಶೀತವನ್ನೂ ತಡೆದು ನಿಂತ ಮರಗಳಿವೆ. ಅದು ಸಹಿಸದಿರುವುದು ಬುಡದಲ್ಲಿ ಬಹುಕಾಲ ನಿಂತ ನೀರನ್ನು ಮಾತ್ರ. ಇನ್ನೊಂದು ಅಂಶವನ್ನು ನೆನಪಿನಲ್ಲಿಡಬೇಕು. ಬೇಸಗೆಯ ಹೊತ್ತಿಗೆ ಬಿಲ್ವವು ಹಳೆಯ ಎಲೆಗಳನ್ನು ಉದುರಿಸಿ ಕೆಲವು ವಾರ ಬೋಳಾಗಿ ನಿಂತು, ಬಳಿಕ ಹೊಸ ಚಿಗುರು ತಾಳುತ್ತದೆ. ಇದು ಆ ಮರದ ಸ್ವಭಾವ. ಇದನ್ನರಿಯದ ನಗರವಾಸಿಗಳು ಗಿಡ ಸತ್ತಿತೆಂದು ಕಿತ್ತೆಸೆದ ಉದಾಹರಣೆಗಳುಂಟು. ಭಯದಿಂದ ದಿನಕ್ಕೆರಡು ಬಾರಿ ನೀರು ಸುರಿದು ಬೇರನ್ನು ಕೊಳೆಯಿಸಿದವರೂ ಉಂಟು. ಎಲೆ ಉದುರಿದಾಗ ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮರ ಜೀವಂತವಾಗಿದೆ, ಕಾಯ್ದುಕೊಂಡಿದ್ದರೆ ಸಾಕು.

ಬೀಜದಿಂದ ಬೆಳೆಸಿದ ಬಿಲ್ವವು ಕಾಯಿ ಬಿಡಲು ಹಲವಾರು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ನಮಗೆ ಬೇಕಾದದ್ದು ಪತ್ರೆಯಾದುದರಿಂದ ಅದರ ಚಿಂತೆಯಿಲ್ಲ. ದೊಡ್ಡ ಕುಂಡದಲ್ಲಿಟ್ಟು ಆಗಾಗ ತುದಿ ಕತ್ತರಿಸುತ್ತಿದ್ದರೆ ಆಳೆತ್ತರದ ಪೊದೆಯಾಗಿ ನಿಂತು ನಿತ್ಯದ ಪೂಜೆಗೆ ಸಾಕಾಗುವಷ್ಟು ಎಲೆ ಕೊಡುತ್ತದೆ. ಮುಳ್ಳಿನ ಮರವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಓಡಾಟದ ದಾರಿಗೆ ಅಡ್ಡವಾಗದಂತೆ ಇಡುವುದು ಲೇಸು. ಪೂಜೆಗೆಂದೇ ಬೆಳೆಸುವ ಕಣಗಿಲೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಹಳ್ಳಿಯ ವಿಶಾಲ ಹಿತ್ತಲಿನ ಅಂಚಿನಲ್ಲಿ ನಿಂತ ಕಣಗಿಲೆ ಬೇರೆ, ಮಗು ಅಂಬೆಗಾಲಿಡುವ ಬಾಲ್ಕನಿಯ ಕಣಗಿಲೆ ಬೇರೆ.

ಎರೆಯಿಂದ ಕೆಂಪು ಮಣ್ಣಿಗೆ

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ ಸುಮಾರು 970. ಹೆಚ್ಚು ಮಳೆಯ ಊರಿಗೆ ಬಂದವರು ಕಡಿಮೆ ನೀರು ಹಾಕಿದರೆ ಸಾಕೆಂದು ಯಾರಾದರೂ ಎಣಿಸಿಯಾರು. ನಡೆಯುವುದು ಇದಕ್ಕೆ ವಿರುದ್ಧವಾಗಿ. ಕಾರಣ ಮಣ್ಣಿನಲ್ಲಿದೆ. ಎರೆಮಣ್ಣು ಅತಿ ನುಣುಪಾದ ಜೇಡಿ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ಒಳಗೆ ಇಳಿದ ತೇವವನ್ನು ಅದು ವಾರಗಟ್ಟಲೆ ಹಿಡಿದಿಡಬಲ್ಲದು. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳವು ಬಹುಮಟ್ಟಿಗೆ ನೆಲದ ತೇವದಲ್ಲಿಯೇ ತೆನೆಯಾಗುವುದು ಈ ಗುಣದಿಂದ. ಆ ಸೀಮೆಯ ಹಿತ್ತಲಿಗೆ ಎಂಟು ಹತ್ತು ದಿನಕ್ಕೊಮ್ಮೆ ಚೆನ್ನಾಗಿ ನೀರು ಹಾಯಿಸಿದರೆ ಸಾಕಾಗುತ್ತಿತ್ತು. ಬೆಂಗಳೂರಿನ ಕೆಂಪು ಮಣ್ಣು ಹಾಗಲ್ಲ. ನೀರು ಬೇಗ ಇಳಿದುಹೋಗುತ್ತದೆ, ಸಾವಯವ ಅಂಶ ಕಡಿಮೆ, ಮೇಲ್ಪದರ ಒಣಗಿ ಹೆಂಟೆಯಾಗುತ್ತದೆ. ಅದೇ ಮಣ್ಣು ಕುಂಡದೊಳಗಿದ್ದರೆ ಬೇಸಗೆಯಲ್ಲಿ ಒಂದು ದಿನ ಬಿಟ್ಟು ಒಂದು ದಿನವಾದರೂ ನೀರು ಬೇಕು.

ಇದಕ್ಕೆ ಪರಿಹಾರ ಗೊಬ್ಬರ ಮತ್ತು ಹೊದಿಕೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಎರೆಹುಳು ಗೊಬ್ಬರವನ್ನೋ ಸೇರಿಸಿ, ಮೇಲೆ ಎರಡು ಮೂರು ಬೆರಳು ದಪ್ಪ ಒಣ ಎಲೆಗಳನ್ನು ಹೊದಿಸಿದರೆ ತೇವ ನಿಲ್ಲುತ್ತದೆ. ಊರಿನಿಂದ ಚೀಲದಲ್ಲಿ ಎರೆಮಣ್ಣನ್ನು ತರಿಸಿ ಕುಂಡಕ್ಕೆ ತುಂಬುವವರನ್ನು ನಾವು ಬಲ್ಲೆವು. ಅವರ ಮಮತೆ ಅರ್ಥವಾಗುವಂಥದು. ಆದರೆ ಹೊಲದ ಎರೆ ಕುಂಡದಲ್ಲಿ ಗಟ್ಟಿಯಾಗಿ ಕೂತು ಬೇರಿಗೆ ಗಾಳಿಯಾಡಗೊಡದು, ಒಣಗಿದರೆ ಅಂಚಿನಿಂದ ಬಿಟ್ಟುಕೊಂಡು ನೀರೆಲ್ಲ ಬದಿಯಿಂದ ಸೋರಿಹೋಗುತ್ತದೆ. ಊರಿನ ಮಣ್ಣು ಬೇಕೇಬೇಕೆಂದರೆ ಒಂದು ಹಿಡಿ ಬೆರೆಸಿಕೊಂಡರೆ ಸಾಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಮಂದ ಹವೆಯಿಂದಲೇ ಅಲ್ಲಿ ಹೊರನಾಡಿನ ತರಕಾರಿ, ಹೂವುಗಳು ನೆಲೆಯೂರಿದವು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ತೋಟವು ದೂರದ ನಾಡಿನ ಗಿಡಗಳನ್ನು ತಂದು ಒಗ್ಗಿಸುವ ಕೆಲಸವನ್ನು ತಲೆಮಾರುಗಳ ಕಾಲ ನಡೆಸಿತು. ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮರೂನ್ ಸೀಮೆಬದನೆಯನ್ನು ಇಲ್ಲಿ ರೂಢಿಗೆ ತಂದನೆಂದು ಪ್ರತೀತಿ. ಮೆಕ್ಸಿಕೋ ಕಡೆಯ ಆ ಬಳ್ಳಿ ಈ ಮಣ್ಣಿಗೆ ಎಷ್ಟು ಒಗ್ಗಿತೆಂದರೆ ನೆರೆಯ ನಾಡುಗಳವರು ಅದನ್ನು ಬೆಂಗಳೂರು ಬದನೆಯೆಂದೇ ಕರೆದರು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಒಂದರ ನಂತರ ಒಂದು ಹೂಬಿಡುವ ಮರಗಳನ್ನು ಬೀದಿಗಳಲ್ಲಿ ನೆಡಿಸಿದರು. ನಗರದ ಹಸಿರಿನಲ್ಲಿ ಬಹುಪಾಲು ಹೀಗೆ ವಲಸೆ ಬಂದದ್ದೇ. ಊರಿನಿಂದ ತಂದ ಮುಳಗಾಯಿ ಅಲ್ಲಿ ಹೊಂದಿಕೊಳ್ಳಲು ಒಂದು ಹಂಗಾಮು ಹೆಚ್ಚು ತೆಗೆದುಕೊಂಡರೆ ಬೇಸರಪಡಬೇಕಾದುದಿಲ್ಲ.

ಮಳೆಯ ಲೆಕ್ಕವೂ ಬೇರೆ. ಬೆಂಗಳೂರಿನಲ್ಲಿ ಮೇ ತಿಂಗಳಿನಲ್ಲಿಯೇ ಗುಡುಗುಮಳೆ ಆರಂಭವಾಗಿ ಅಕ್ಟೋಬರ್‌ವರೆಗೂ ಬಿಟ್ಟುಬಿಟ್ಟು ಬರುತ್ತದೆ. ಸೆಪ್ಟೆಂಬರ್ ಹೊತ್ತಿನಲ್ಲಿ ಹೆಚ್ಚು. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಇವು ಉತ್ತರದ ಬಿಸಿಲಿನಲ್ಲಿ ಚಳಿಗಾಲದ ಬೆಳೆಗಳಾದರೆ ಇಲ್ಲಿ ಬಹುಮಟ್ಟಿಗೆ ವರ್ಷವಿಡೀ ಬರುತ್ತವೆ. ಬಿರುಮಳೆಯ ವಾರಗಳಲ್ಲಿ ಮಾತ್ರ ಬೀಜ ಕೊಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಬಾಲ್ಕನಿಯಲ್ಲಿ ಗಿಡ ಬೆಳೆಸುವವರು ಸೂರ್ಯನ ದಾರಿಯನ್ನೂ ಅರಿಯಬೇಕು. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿರುವುದರಿಂದ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಉತ್ತರಮುಖದ ಬಾಲ್ಕನಿಗೆ ಆ ನಾಲ್ಕು ತಿಂಗಳು ಬಿಸಿಲುಂಟು, ಉಳಿದ ಕಾಲದಲ್ಲಿ ಇಲ್ಲ. ದೆಹಲಿಯಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಬರುವುದಿಲ್ಲ. ಅಲ್ಲಿ ಹೂವಿನ ಗಿಡಕ್ಕೆ ದಕ್ಷಿಣದ ಗೋಡೆಯೇ ಗತಿ.

ಎರೆನಾಡಿನೊಳಗೇ ನಡೆದ ಇನ್ನೊಂದು ಬಗೆಯ ವಲಸೆಯನ್ನು ಇಲ್ಲಿ ಹೇಳದೆ ಮುಂದುವರಿಯುವಂತಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ಕೃಷ್ಣೆ, ಘಟಪ್ರಭೆಗಳ ದಂಡೆಯ ಅನೇಕ ಗ್ರಾಮಗಳೂ ಹಳೆಯ ಬಾಗಲಕೋಟೆಯ ಭಾಗಗಳೂ ಮುಳುಗಡೆಯಾದವು. ಜನರು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ದೂರ ಕೆಲವೇ ಮೈಲಿ, ಬಿಸಿಲು ಮಳೆ ಅವೇ. ಆದರೆ ನದಿದಂಡೆಯ ಮೆಕ್ಕಲು ಮಣ್ಣಿನಲ್ಲಿ ಮೂರು ತಲೆಮಾರು ಬಾಳಿದ ಮನೆಗೆ ಎತ್ತರದ ಕಲ್ಲು ಗರಸಿನ ನೆಲ ಸಿಕ್ಕಿದಾಗ ಹಿತ್ತಲೆಂಬುದೇ ಬೇರೆಯಾಯಿತು. ಅಂಥ ನೆಲದಲ್ಲಿ ಎರಡಡಿ ಉದ್ದಗಲ ಆಳದ ಗುಂಡಿ ತೋಡಿ, ಒಳ್ಳೆಯ ಮಣ್ಣು ಗೊಬ್ಬರ ತುಂಬಿಸಿ ಗಿಡವಿಡದೆ ಬೇರೆ ಉಪಾಯವಿಲ್ಲ. ಬೇಸಗೆಗಾಗಿ ಗಿಡದ ಪಕ್ಕದಲ್ಲಿ ಬಾಯಿ ಮಾತ್ರ ಮೇಲೆ ಕಾಣುವಂತೆ ಒಂದು ಮಣ್ಣಿನ ಮಡಕೆಯನ್ನು ಹೂತು ನೀರು ತುಂಬಿ ಮುಚ್ಚಿಡುವ ಹಳೆಯ ಪದ್ಧತಿ ಬಹಳ ಉಪಯುಕ್ತ. ಮಡಕೆಯ ಮೈಯಿಂದ ಒಸರುವ ನೀರು ನೇರವಾಗಿ ಬೇರಿಗೆ ತಲುಪುತ್ತದೆ. ಬಣ್ಣ ಹಚ್ಚಿದ, ಮೆರುಗು ಕೊಟ್ಟ ಮಡಕೆ ಇದಕ್ಕೆ ಬಾರದು.

ಸುಣ್ಣದ ಅಂಶ ಹೆಚ್ಚಿರುವ ಆ ಸೀಮೆಯಲ್ಲಿ ಮಲ್ಲಿಗೆಯ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುವುದುಂಟು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ಅದು ದಕ್ಕುವುದಿಲ್ಲ. ಹೆಚ್ಚು ನೀರು ಹಾಕಿದರೆ ಇದು ಉಲ್ಬಣಿಸುವುದೇ ಹೊರತು ಗುಣವಾಗದು. ಮಳೆಗಾಲದಲ್ಲಿ ಹಿಡಿದಿಟ್ಟ ನೀರು, ಎಲೆಗೊಬ್ಬರ, ತೋಟಗಾರಿಕೆ ಅಂಗಡಿಗಳಲ್ಲಿ ದೊರೆಯುವ ಕಬ್ಬಿಣದ ಲಘು ಪೋಷಕಾಂಶದ ಸಿಂಪಡಣೆ ಇವು ಸಹಾಯಕ.

ಕಡಲ ತೀರದಲ್ಲಿ

ಧಾರವಾಡದಿಂದ ಮಂಗಳೂರಿಗೆ ಹೋದವರ ಪಾಡು ಬೆಂಗಳೂರಿಗೆ ಹೋದವರಿಗಿಂತ ಕಠಿಣ. ಅಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ವಿಜಯಪುರದ ಇಡೀ ವರ್ಷದ ಮಳೆ ಅಲ್ಲಿ ಜುಲೈ ತಿಂಗಳ ಕೆಲವು ವಾರಗಳಲ್ಲಿ ಬಿದ್ದುಹೋಗುತ್ತದೆ. ಮುರಕಲ್ಲಿನ ಆ ಮಣ್ಣು ಹುಳಿ. ಸುಣ್ಣ, ಪೊಟ್ಯಾಷ್‌ಗಳನ್ನೆಲ್ಲ ಮಳೆ ತೊಳೆದೊಯ್ದಿರುತ್ತದೆ. ನಮ್ಮ ಕಡೆ ಸುಣ್ಣ ಹೆಚ್ಚಾಗಿ ಕಾಡಿದರೆ ಅಲ್ಲಿ ಅದು ಕಡಿಮೆಯಾಗಿ ಕಾಡುತ್ತದೆ. ಊರಿನಲ್ಲಿ ಹಿತ್ತಲಿಗೆ ಬೂದಿ ಸುರಿಯಬೇಡವೆಂದು ಕಲಿತ ಸೊಸೆ ಅಲ್ಲಿ ಬೂದಿಯನ್ನು ಕೂಡಿಟ್ಟು ಗಿಡಕ್ಕೆ ಹಾಕುವುದನ್ನು ಕಲಿಯಬೇಕಾಗುತ್ತದೆ.

ಕರಾವಳಿಯ ಗೃಹಿಣಿಯರು ಈ ಮಳೆಯೊಂದಿಗೆ ಬದುಕುವ ಕ್ರಮವನ್ನು ಬಹು ಹಿಂದೆಯೇ ಕಂಡುಕೊಂಡಿದ್ದಾರೆ. ತರಗೆಲೆ, ಕಸಕಡ್ಡಿಗಳೊಡನೆ ಮಣ್ಣನ್ನು ಸುಟ್ಟು ತಯಾರಿಸುವ ಸುಡುಮಣ್ಣು ಅವರ ತರಕಾರಿ ಮಡಿಗಳ, ಮಲ್ಲಿಗೆ ಗಿಡಗಳ ಗುಟ್ಟು. ಮಡಿಯನ್ನು ನೆಲದಿಂದ ಒಂದಡಿಯಾದರೂ ಎತ್ತರಿಸಿ ನಡುವೆ ನೀರು ಹರಿಯಲು ಕಾಲುವೆ ಬಿಡುತ್ತಾರೆ. ಮಳೆಗಾಲಕ್ಕೆ ಚಪ್ಪರ ಹತ್ತುವ ಹೀರೆ, ಪಡುವಲ, ಹಾಗಲ, ಜೊತೆಗೆ ಬೆಂಡೆ. ಮಳೆ ಕಳೆದ ಮೇಲೆ ಹರಿವೆ, ಅಲಸಂಡೆ, ಸೌತೆ. ಬಸಳೆಯ ಚಪ್ಪರವಂತೂ ಮನೆಯ ಬಚ್ಚಲ ನೀರಿನಲ್ಲಿಯೇ ಹಬ್ಬುತ್ತದೆ. ನಮ್ಮ ಕಡೆಯಿಂದ ಹೋದವರು ಮೆಂತ್ಯ, ಸಬ್ಬಸಿಗೆಗಳನ್ನು ಜುಲೈ ತಿಂಗಳಲ್ಲಿ ಬಿತ್ತುವುದನ್ನು ಬಿಡಬೇಕು. ಮೊಳಕೆಯ ಕಾಂಡವೇ ಕೊಳೆತು ಮಲಗುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಅವೂ ಬರುತ್ತವೆ.

ಇಲ್ಲಿ ಒಂದು ಮಾತು. ನೆರೆಮನೆಯ ಹಿರಿಯಳಲ್ಲಿ ಒಂದು ಬಸಳೆಯ ಕಡ್ಡಿ ಕೇಳಿ ಪಡೆಯುವುದರಿಂದ ಆಗುವ ಲಾಭ ಬಸಳೆಯೊಂದೇ ಅಲ್ಲ. ಭಾಷೆ, ಊಟ, ರೂಢಿ ಎಲ್ಲವೂ ಹೊಸದಾಗಿರುವ ಊರಿನಲ್ಲಿ ಮಾತಿಗೆ ಎಡೆ ದೊರೆಯುವುದು ಇಂಥ ಸಣ್ಣ ಕಾರಣಗಳಿಂದಲೇ. ಪ್ರತಿಯಾಗಿ ಅವರಿಗೊಂದು ಪುಂಡಿಯ ಸಸಿ ಕೊಡಬಹುದು.

ದೆಹಲಿಯ ನಾಲ್ಕು ಮುಖ

ರೋಹಿಣಿ, ಮೃಗಶಿರಾ ಎಂದು ಮಳೆಯ ನಕ್ಷತ್ರಗಳನ್ನು ಎಣಿಸಿ ಬಿತ್ತುವ ನಮ್ಮ ಪಂಚಾಂಗದ ಲೆಕ್ಕ ದೆಹಲಿಯಲ್ಲಿ ಕೈಕೊಡುತ್ತದೆ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುವ ಮುಂಗಾರು ದೆಹಲಿಯನ್ನು ಮುಟ್ಟುವುದು ಜೂನ್ ಕೊನೆಯ ವಾರದಲ್ಲಿ. ಅದಕ್ಕೆ ಮೊದಲು 45 ಡಿಗ್ರಿ ಮುಟ್ಟುವ ಬಿಸಿಲು ಮತ್ತು ಲೂ ಎಂಬ ಬಿಸಿಗಾಳಿ. ಜನವರಿಯಲ್ಲಿ ಮೂರು ನಾಲ್ಕು ಡಿಗ್ರಿಗಿಳಿಯುವ ಮುಂಜಾವು, ಮಂಜು, ನಡುವೆ ಪಶ್ಚಿಮದಿಂದ ಬರುವ ಚಳಿಗಾಲದ ಮಳೆ.

ಕರಿಬೇವು ಅಲ್ಲಿ ಡಿಸೆಂಬರ್ ಹೊತ್ತಿಗೆ ಎಲೆ ಹಳದಿಯಾಗಿ ಉದುರಿಸುತ್ತದೆ. ಮಾರ್ಚ್‌ನಲ್ಲಿ ಮತ್ತೆ ಚಿಗುರುತ್ತದೆ. ಆ ನಡುವಣ ಕಾಲದಲ್ಲಿ ನೀರು ಬಹಳ ಕಡಿಮೆ ಹಾಕಿ ಗೋಡೆಯ ಆಸರೆಯಲ್ಲಿಡಬೇಕು. ಮಲ್ಲಿಗೆಯ ಭಾಗ್ಯ ಇದಕ್ಕೆ ವಿರುದ್ಧ. ನಮ್ಮ ದುಂಡುಮಲ್ಲಿಗೆಯನ್ನು ಅಲ್ಲಿಯವರು ಮೊಗ್ರಾ ಎನ್ನುತ್ತಾರೆ. ಚಳಿ ಕಳೆಯುತ್ತಿರುವಾಗ ಸವರಿ ಗೊಬ್ಬರ ಕೊಟ್ಟರೆ ಏಪ್ರಿಲ್‌ನಿಂದ ಮಳೆಗಾಲದವರೆಗೆ ಬಿಸಿಲು ಏರಿದಷ್ಟೂ ಹೂಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಮೆಂತ್ಯ, ಪಾಲಕ್, ಮೂಲಂಗಿ, ಬಟಾಣಿಗಳು ಅಲ್ಲಿ ಬರುವ ಸೊಗಸನ್ನು ನಮ್ಮ ಕಡೆ ಕಾಣಲಾರೆವು. ಬೆಂಡೆ, ಹೀರೆ, ಸೋರೆಗಳನ್ನು ಫೆಬ್ರುವರಿಯಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ಬಿತ್ತುತ್ತಾರೆ.

ಬಿಲ್ವಕ್ಕೆ ಉತ್ತರ ಭಾರತವೇ ತವರು ಎನ್ನಬಹುದು. ನಾವು ಪತ್ರೆಗೆ ಕೈಮುಗಿದು ಕಾಯಿಯನ್ನು ಹಕ್ಕಿಗಳಿಗೆ ಬಿಟ್ಟವರು. ಅಲ್ಲಿಯವರು ಹಣ್ಣಿನ ತಿರುಳನ್ನು ನೀರಿನಲ್ಲಿ ಕಿವುಚಿ, ಸೋಸಿ, ಬೆಲ್ಲ ಅಥವಾ ಸಕ್ಕರೆ ಬೆರೆಸಿ ಬೇಸಗೆಯ ಪಾನಕವಾಗಿ ಕುಡಿಯುತ್ತಾರೆ. ಬೀದಿಬೀದಿಯಲ್ಲಿ ಗಾಡಿಗಳ ಮೇಲೆ ಅದನ್ನು ಮಾರುತ್ತಾರೆ. ದೆಹಲಿಗೆ ಹೋದ ನಮ್ಮ ಮನೆಗಳು ಈ ರೂಢಿಯನ್ನು ಊರಿಗೂ ತಂದರೆ ಚೆನ್ನು ಎಂದು ನಮ್ಮ ಅನಿಸಿಕೆ.

ರಾತ್ರಿಯನ್ನು ಅಳೆಯುವ ಗಿಡಗಳು

ಅಮೆರಿಕಕ್ಕೆ ಹೋದ ಮನೆಗಳಿಂದ ಬರುವ ದೂರು ಒಂದೇ ಬಗೆಯದು: ಅವರೆಯ ಬಳ್ಳಿ ಬೇಲಿಯನ್ನೆಲ್ಲ ಹಬ್ಬಿ ಹಸಿರಾಯಿತು, ಒಂದು ಹೂವೂ ಬಿಡಲಿಲ್ಲ, ಬಿಡುವ ಹೊತ್ತಿಗೆ ಹಿಮ ಬಿದ್ದು ಸುಟ್ಟುಹೋಯಿತು. ಗೊಬ್ಬರ ಹೆಚ್ಚಾಯಿತೆಂದು ಕೆಲವರು, ಬೀಜ ಸರಿಯಿಲ್ಲವೆಂದು ಕೆಲವರು ಎಣಿಸುತ್ತಾರೆ. ನಿಜವಾದ ಕಾರಣ ಹಗಲಿನ ಉದ್ದ.

ನಮ್ಮ ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಕುಗ್ಗಿ ರಾತ್ರಿ ಬೆಳೆದಾಗ ಮಾತ್ರ ಮೊಗ್ಗು ಕಟ್ಟುವ ಜಾತಿಯವು. ಬೆಂಗಳೂರಿನ ಪೇಟೆಗೆ ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುವುದು ಈ ಕಾರಣದಿಂದಲೇ. ಕರ್ನಾಟಕದಲ್ಲಿ ಬೇಸಗೆಯ ಅತ್ಯಂತ ದೀರ್ಘ ಹಗಲು ಹದಿಮೂರು ಗಂಟೆಯ ಆಸುಪಾಸು. ಷಿಕಾಗೋ ನಗರದಲ್ಲಿ ಜೂನ್ ತಿಂಗಳ ಹಗಲು ಹದಿನೈದು ಗಂಟೆಗೂ ಹೆಚ್ಚು. ಅಲ್ಲಿ ಹಗಲು ಹನ್ನೆರಡು ಗಂಟೆಗಿಳಿಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಆಗ ಮೊಗ್ಗು ಮೂಡಿ ಕಾಯಿ ಬಲಿಯಲು ಮತ್ತೂ ಹಲವು ವಾರ ಬೇಕು. ಅಕ್ಟೋಬರ್‌ನಲ್ಲಿಯೇ ಹಿಮದ ಮೊದಲ ಪೆಟ್ಟು ಬೀಳುತ್ತದೆ. ಬಳ್ಳಿಯ ತಪ್ಪೂ ಇಲ್ಲ, ಬೆಳೆಸಿದವರ ತಪ್ಪೂ ಇಲ್ಲ.

ಪರಿಹಾರವು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದಿದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಗಿಡ ಕುಳ್ಳಾದ್ದರಿಂದ ಕುಂಡಕ್ಕೂ ಹೊಂದುತ್ತವೆ. ಹಳೆಯ ಸೊಗಡಿನ ಪರಿಮಳ ಇದರಲ್ಲಿ ಇದೆಯೇ ಎಂಬುದರ ಬಗ್ಗೆ ಮನೆಮನೆಯಲ್ಲಿ ವಾದವುಂಟು. ಬೇಲಿಯ ತುಂಬ ಬರಿಯ ಎಲೆ ನೋಡುವುದಕ್ಕಿಂತ ಮೇಲೆಂಬುದರಲ್ಲಿ ವಾದವಿಲ್ಲ.

ಇದೇ ದೀರ್ಘ ಹಗಲು ಪುಂಡಿಪಲ್ಲೆಗೆ ವರವಾಗುತ್ತದೆ. ಅದೂ ರಾತ್ರಿ ಬೆಳೆದಾಗಲೇ ಹೂಬಿಡುವ ಗಿಡ. ನಮಗೆ ಬೇಕಾದದ್ದು ಹೂವಲ್ಲ, ಸೊಪ್ಪು. ಹೂವಿನ ಗೋಜಿಲ್ಲದೆ ಬೇಸಗೆಯುದ್ದಕ್ಕೂ ಎಲೆಯೇ ಬರುವುದರಿಂದ ನ್ಯೂಜೆರ್ಸಿಯ ಹಿತ್ತಲಿನಲ್ಲಿ ಬೆಳೆದ ಪುಂಡಿ ಊರಿನದಕ್ಕಿಂತ ಸೊಂಪಾಗಿರುವುದುಂಟು. ಬೀಜವನ್ನು ಮಾತ್ರ ಅಲ್ಲಿ ಕಟ್ಟಿಕೊಳ್ಳಲಾಗದು. ಸೇವಂತಿಗೆಯೂ ಇದೇ ಗುಂಪಿಗೆ ಸೇರಿದ್ದು. ಬೆಂಗಳೂರಿನ ಮನೆಯೊಂದರಲ್ಲಿ ಸೇವಂತಿಗೆ ಮೊಗ್ಗು ಕಟ್ಟದೆ ಹೋದರೆ ಗೊಬ್ಬರ ಬದಲಿಸುವ ಮುನ್ನ ಬೀದಿದೀಪದ ಬೆಳಕು ರಾತ್ರಿಯೆಲ್ಲ ಅದರ ಮೇಲೆ ಬೀಳುತ್ತಿದೆಯೇ ನೋಡಿ. ಕುಂಡವನ್ನು ಕತ್ತಲ ಬದಿಗೆ ಸರಿಸಿದರೆ ಸಾಕಾದೀತು.

ಅಮೆರಿಕದ ಕೃಷಿ ಇಲಾಖೆಯು ಇಡೀ ದೇಶವನ್ನು ಚಳಿಗಾಲದ ಕನಿಷ್ಠ ಉಷ್ಣತೆಗೆ ಅನುಸಾರವಾಗಿ 13 ವಲಯಗಳಾಗಿ ವಿಂಗಡಿಸಿದ ನಕ್ಷೆಯನ್ನು ಪ್ರಕಟಿಸಿದೆ. ಅದನ್ನು 2023ರಲ್ಲಿ ಪರಿಷ್ಕರಿಸಲಾಯಿತು. ಯಾವ ಗಿಡ ಹೊರಗೆ ಚಳಿಗಾಲ ಕಳೆಯಬಲ್ಲದೆಂಬುದನ್ನು ಅದು ಹೇಳುತ್ತದೆ. ಬೇಸಗೆಯ ಬಿಸಿ, ಮಳೆ, ಮಣ್ಣುಗಳ ಬಗೆಗೆ ಅದು ಏನನ್ನೂ ಹೇಳದು. ಅಲ್ಲಿನ ಹಿತ್ತಲಿನ ಪಂಚಾಂಗದಲ್ಲಿ ಮುಖ್ಯವಾದ ದಿನಗಳು ಎರಡೇ: ವಸಂತದ ಕೊನೆಯ ಹಿಮ, ಶರತ್ಕಾಲದ ಮೊದಲ ಹಿಮ. ಮುಳಗಾಯಿ, ಮೆಣಸಿನಕಾಯಿ, ಟೊಮೆಟೊ ಬೀಜಗಳನ್ನು ಕೊನೆಯ ಹಿಮಕ್ಕೆ ಆರರಿಂದ ಎಂಟು ವಾರ ಮೊದಲೇ ಮನೆಯೊಳಗೆ ಮೊಳೆಯಿಸಿ, ಸಸಿಗಳನ್ನು ಹೊರಗೆ ನೆಡುವ ಮುನ್ನ ವಾರ ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಈ ಒಗ್ಗಿಸುವಿಕೆಯನ್ನು ಬಿಟ್ಟ ಸಸಿಗಳು ಒಂದೇ ದಿನದಲ್ಲಿ ಎಲೆ ಬೆಳ್ಳಗಾಗಿ ಕಮರುತ್ತವೆ.

ಕರಿಬೇವು, ಮಲ್ಲಿಗೆ, ದಾಸವಾಳಗಳನ್ನು ಕುಂಡದಲ್ಲಿಯೇ ಇಟ್ಟು, ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನತ್ತ ಇಳಿಯತೊಡಗಿದಾಗ ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ ಇಡುತ್ತಾರೆ. ಬಿಲ್ವವು ಕೊಂಚ ಹಿಮವನ್ನು ತಡೆದೀತು, ಷಿಕಾಗೋದ ಚಳಿಯನ್ನಲ್ಲ. ಅದೂ ಕುಂಡದಲ್ಲಿಯೇ ಇರಲಿ. ಒಳಗೆ ಬಂದ ಗಿಡಗಳಿಗೆ ಶತ್ರುವೆಂದರೆ ಚಳಿಯಲ್ಲ, ಮನೆ ಬಿಸಿಮಾಡುವ ಯಂತ್ರದ ಒಣಗಾಳಿ ಮತ್ತು ಪ್ರೀತಿಯಿಂದ ಹಾಕುವ ಅತಿ ನೀರು. ಎಲೆಯ ಅಡಿಯಲ್ಲಿ ನುಸಿ, ಹಿಟ್ಟುತಿಗಣೆಗಳು ಸೇರಿಕೊಂಡರೆ ತೆಳುವಾದ ಸಾಬೂನು ನೀರಿನಿಂದ ಒರೆಸಿ, ಶುದ್ಧ ನೀರಿನಿಂದ ತೊಳೆಯಬೇಕು.

ಊರಿನಿಂದ ಸಸಿ, ಬೀಜಗಳನ್ನು ಒಯ್ಯುವ ವಿಷಯದಲ್ಲಿ ನಮ್ಮ ಜನರಿಗೆ ಕಟ್ಟುನಿಟ್ಟಾಗಿ ಹೇಳಬೇಕಾದುದಿದೆ. ವಿದೇಶಗಳಲ್ಲಿ ಇದಕ್ಕೆ ಕಾನೂನುಗಳಿವೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅವು ತುಂಬ ಬಿಗಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಅನುಮತಿಗಳಿಲ್ಲದೆ ಸೆರಗಿನ ಗಂಟಿನಲ್ಲಿ ಬೀಜ ಒಯ್ಯುವ ಕಾಲ ಅದಲ್ಲ. ಬಿಲ್ವ, ಕರಿಬೇವು, ನಿಂಬೆ ಮೂರೂ ಒಂದೇ ಕುಟುಂಬದ ಗಿಡಗಳು. ಕಿತ್ತಳೆ, ನಿಂಬೆಯ ತೋಟಗಳನ್ನೇ ನಾಶಮಾಡುವ ರೋಗವನ್ನು ಹರಡುವ ಪುಟ್ಟ ಕೀಟವೊಂದು ಈ ಕುಟುಂಬದ ಗಿಡಗಳ ಮೇಲೆ ಜೀವಿಸುತ್ತದೆ. ಅದಕ್ಕಾಗಿ ಫ್ಲಾರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಿಂದ ಕರಿಬೇವಿನ ಗಿಡವನ್ನು ಬೇರೆಡೆಗೆ ಸಾಗಿಸುವುದಕ್ಕೂ ನಿರ್ಬಂಧಗಳಿವೆ. ಅಲ್ಲಿಯ ಪರವಾನಿಗೆ ಪಡೆದ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಿ ಕೊಳ್ಳುವುದೇ ಸರಿಯಾದ ದಾರಿ. ಅಂದ ಹಾಗೆ, ಆಸ್ಟ್ರೇಲಿಯಾದಲ್ಲಿ ಬೇಸಗೆಯೆಂದರೆ ಡಿಸೆಂಬರ್‌ನಿಂದ ಫೆಬ್ರುವರಿ. ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ದುಬೈ ಮುಂತಾದ ಕೊಲ್ಲಿ ನಾಡುಗಳಲ್ಲಿ ಹಿತ್ತಲಿನ ಹಂಗಾಮು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಉಳಿದ ತಿಂಗಳುಗಳಲ್ಲಿ ಇದ್ದ ಗಿಡವನ್ನು ನೆರಳಿನಲ್ಲಿ ಉಳಿಸಿಕೊಂಡರೆ ಅದೇ ಸಾಧನೆ.

ಮಾಳಿಗೆಯ ಮೇಲೆ ಹಿತ್ತಲು ಮಾಡುವವರು ಭಾರವನ್ನು ಮರೆಯುತ್ತಾರೆ. ಒಂದು ಘನ ಅಡಿ ಒದ್ದೆ ಮಣ್ಣು 50 ಕಿಲೋ ತೂಗುತ್ತದೆ. ದೊಡ್ಡ ಕುಂಡಗಳನ್ನು ಕಂಬ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿಟ್ಟು, ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಗುರಗೊಳಿಸಿ, ಕೆಳಗೆ ನೀರು ನಿಲ್ಲದಂತೆ ಇಟ್ಟಿಗೆಯ ಚೂರುಗಳ ಮೇಲೆ ಕೂರಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಊರಿನಿಂದ ತಾಯಿ ತಂದೆಯರು ಬಂದಾಗ ಹಿತ್ತಲಿನ ಒಂದು ಮೂಲೆಯನ್ನು, ಫ್ಲ್ಯಾಟಾದರೆ ನಾಲ್ಕು ಕುಂಡಗಳನ್ನು, ಪೂರ್ಣವಾಗಿ ಅವರಿಗೇ ಬಿಟ್ಟುಕೊಡಿ. ಬೇಗ ಮೊಳೆಯುವ ಮೆಂತ್ಯ, ಕಡ್ಡಿ ಚುಚ್ಚಿದರೆ ಚಿಗುರುವ ದಾಸವಾಳ, ಮಳೆಯ ಕಾಲವಾದರೆ ತುಂಬೆ ಇವುಗಳಿಂದ ಆರಂಭವಾಗಲಿ. ಮೆಂತ್ಯ ಮೂರನೆಯ ನಾಲ್ಕನೆಯ ದಿನಕ್ಕೇ ಮೇಲೆ ಬರುತ್ತದೆ. ಬಿಲ್ವದ ಸಸಿ ಅದಾದ ಮೇಲೆ ಬರಲಿ. ಅದು ಪೊದೆಯಾಗುವ ತನಕ ಪತ್ರೆಯ ಕೊರತೆ ಕಾಡಿದರೆ ಹಿರಿಯರ ಮಾತೊಂದು ನೆರವಿಗಿದೆ: ಬಿಲ್ವಪತ್ರೆಗೆ ಹಳತೆಂಬ ದೋಷವಿಲ್ಲ, ತೊಳೆದು ಮತ್ತೆ ಏರಿಸಬಹುದು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟ ಪತ್ರೆ ಹಲವು ದಿನ ಹಸಿರಾಗಿಯೇ ಇರುತ್ತದೆ.